ತರಂಗಂಬಾಡಿ: ವ್ಯಾಪಾರ ಹೋಯಿತು, ಮೌನ ಉಳಿಯಿತು

ಕೊಡಗಿನಲ್ಲಿ ಹುಟ್ಟಿದ ಕಾವೇರಿ ತಮಿಳುನಾಡಿನ ಪೂಂಪುಹಾರ್ ಬಳಿ ಸಮುದ್ರ ಸೇರುತ್ತಾಳೆ. ಅಲ್ಲಿಂದ ಕರಾವಳಿ ಹಿಡಿದು ದಕ್ಷಿಣಕ್ಕೆ ಹೊರಟರೆ, ಕಾರೈಕಾಲ್ ಸಿಗುವ ಮುನ್ನ ಒಂದು ಪುಟ್ಟ ಊರಿದೆ. ಹೆದ್ದಾರಿಯಿಂದ ಕಡಲಿನ ಕಡೆ ತಿರುಗಿದ ಸ್ವಲ್ಪ ಹೊತ್ತಿಗೆ ಬಿಳಿ ಬಣ್ಣದ ಹಳೆಯ ಹೆಬ್ಬಾಗಿಲು ಎದುರಾಗುತ್ತದೆ. ಅದರ ನೆತ್ತಿಯ ಮೇಲಿರುವ ಕಿರೀಟದ ಲಾಂಛನ ಇಂಗ್ಲೆಂಡಿನದಲ್ಲ, ಫ್ರಾನ್ಸಿನದೂ ಅಲ್ಲ. ಅದು ಯುರೋಪಿನ ಉತ್ತರ ಅಂಚಿನ ಡೆನ್ಮಾರ್ಕ್ ದೊರೆಯದು.

ಊರಿನ ಹೆಸರು ತರಂಗಂಬಾಡಿ. ಡೇನರ ನಾಲಿಗೆಯಲ್ಲಿ ಇದು ಟ್ರಾಂಕ್ವೆಬಾರ್ ಆಯಿತು. 1620ರಿಂದ 1845ರವರೆಗೆ, ಇನ್ನೂರ ಇಪ್ಪತ್ತೈದು ವರ್ಷ, ಈ ಊರು ಡೇನರ ಕೈಯಲ್ಲಿತ್ತು. ನಡುವೆ ಕೆಲವು ವರ್ಷ ಮಾತ್ರ ಇಂಗ್ಲಿಷರು ಕಿತ್ತುಕೊಂಡು ಮತ್ತೆ ಮರಳಿಸಿದ್ದರು. ಹೆಬ್ಬಾಗಿಲು ದಾಟಿದರೆ ಕಿಂಗ್ ಸ್ಟ್ರೀಟ್. ಎರಡೂ ಬದಿಗೆ ಕಂಬಗಳ ಪಡಸಾಲೆಯ ಬಂಗಲೆಗಳು, ಎದುರುಬದುರಾಗಿ ಎರಡು ಪುರಾತನ ಚರ್ಚುಗಳು. ಬೀದಿಯ ತುದಿಯಲ್ಲಿ ಒಂದು ಬಯಲು, ಬಯಲಿನಾಚೆ ಮಾಸಿದ ಹಳದಿ ಬಣ್ಣದ ಡಾನ್ಸ್‌ಬೋರ್ಗ್ ಕೋಟೆ, ಅದರಾಚೆ ಬಂಗಾಳ ಕೊಲ್ಲಿ. ಇಡೀ ಬೀದಿಯನ್ನು ನಿಧಾನವಾಗಿ ನಡೆದರೂ ಹದಿನೈದು ನಿಮಿಷ ಸಾಕು.

ಇಲ್ಲಿಗೆ ಬಂದವರೆಲ್ಲ ಮೆಚ್ಚಿ ಹೇಳುವ ಮಾತು ಒಂದೇ: ಎಷ್ಟು ಶಾಂತವಾಗಿದೆ! ಮಾತು ನಿಜ. ಆದರೆ ಈ ಶಾಂತಿ ಊರಿನ ಹುಟ್ಟುಗುಣವಲ್ಲ. ಒಂದು ಕಾಲಕ್ಕೆ ಇಲ್ಲಿ ಬಟ್ಟೆಯ ಮೂಟೆಗಳ, ಹಮಾಲಿಗಳ, ದುಬಾಷಿಗಳ, ನಾವಿಕರ ಗದ್ದಲವಿತ್ತು. ಆ ಗದ್ದಲ ಎಲ್ಲಿ ಹೋಯಿತು, ಹೋದ ಮೇಲೆ ಊರಿನಲ್ಲಿ ಉಳಿದವರು ಯಾರು ಎಂದು ಕೇಳಿಕೊಂಡರೆ ಮಾತ್ರ ತರಂಗಂಬಾಡಿಯ ಕಥೆ ಅರ್ಥವಾಗುತ್ತದೆ.

ಡೇನರಿಗಿಂತ ಮೊದಲು

ಸಮುದ್ರದಂಚಿನಲ್ಲಿ ಮಾಸಿಲಾಮಣಿನಾಥರ್ ಎಂಬ ಶಿವ ದೇವಾಲಯವಿದೆ. ಪಾಂಡ್ಯ ದೊರೆ ಮಾರವರ್ಮ ಕುಲಶೇಖರನ ಕಾಲದ, 1306ರ ಗುಡಿ ಇದು. ಅಲ್ಲಿನ ಶಾಸನದಲ್ಲಿ ಊರನ್ನು ಸಡಂಗನ್‌ಪಾಡಿ ಎಂದು ಕರೆಯಲಾಗಿದೆ. ತರಂಗಂಬಾಡಿ ಎಂದರೆ 'ಅಲೆಗಳು ಹಾಡುವ ಊರು' ಎಂದು ಪ್ರವಾಸಿ ಪುಸ್ತಿಕೆಗಳು ಅರ್ಥ ಹೇಳುತ್ತವೆ. ಕನ್ನಡಿಗರಿಗೆ ಇದರ ಒಗಟು ಬಿಡಿಸುವುದು ಕಷ್ಟವಲ್ಲ. ತಮಿಳಿನ 'ಪಾಡು' ನಮ್ಮ 'ಹಾಡು'. ತಮಿಳಿನ 'ಪಾಡಿ' ನಮ್ಮ ಕಾಡಂಚಿನ 'ಹಾಡಿ', ಅಂದರೆ ಜನ ನೆಲೆಸಿದ ಜಾಗ. ಅಲೆ ಹಾಡಿತೋ, ಅಲೆಯ ಪಕ್ಕದಲ್ಲಿ ಹಾಡಿ ಎದ್ದಿತೋ, ಎರಡರಲ್ಲಿ ಯಾವುದನ್ನಾದರೂ ಒಪ್ಪಬಹುದು. ಡೇನರು ಬರುವುದಕ್ಕೆ ಮೂರು ಶತಮಾನ ಮೊದಲೇ ಇಲ್ಲಿ ದೇವಾಲಯ ಕಟ್ಟಿಸುವಷ್ಟು ಅನುಕೂಲವಿದ್ದ ಊರಿತ್ತು ಎಂಬುದಂತೂ ಸ್ಪಷ್ಟ.

ಡೇನರು ಈ ಊರನ್ನು ಹುಡುಕಿಕೊಂಡು ಬಂದವರೂ ಅಲ್ಲ. ಡೆನ್ಮಾರ್ಕಿನ ದೊರೆ ನಾಲ್ಕನೇ ಕ್ರಿಶ್ಚಿಯನ್ 1616ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಸನ್ನದು ಕೊಟ್ಟ. ಲಂಕೆಯ ಕ್ಯಾಂಡಿ ರಾಜನಿಗೆ ಪೋರ್ಚುಗೀಸರ ವಿರುದ್ಧ ನೆರವು ಬೇಕಾಗಿದೆ, ನೆರವು ಕೊಟ್ಟರೆ ವ್ಯಾಪಾರದ ಹಕ್ಕು ಸಿಗುತ್ತದೆ ಎಂದು ಡಚ್ಚನೊಬ್ಬ ಕೋಪನ್‌ಹೇಗನ್ನಿಗೆ ಬಂದು ನಂಬಿಸಿದ್ದ. 1618ರ ಕೊನೆಯಲ್ಲಿ ಓವ್ ಗ್ಯೆಡ ಎಂಬ ಯುವ ಸರದಾರನ ನೇತೃತ್ವದಲ್ಲಿ ಹಡಗುಗಳು ಹೊರಟವು. ದಾರಿಯಲ್ಲಿ ನೂರಾರು ಮಂದಿ ಸತ್ತರು, ಆ ಡಚ್ಚನೂ ಸತ್ತ. 1620ರಲ್ಲಿ ಲಂಕೆ ಮುಟ್ಟಿದಾಗ ಕ್ಯಾಂಡಿಯ ರಾಜ ಪೋರ್ಚುಗೀಸರೊಂದಿಗೆ ಆಗಲೇ ಸಂಧಿ ಮಾಡಿಕೊಂಡಿದ್ದ. ಬಂದವರ ಅಗತ್ಯ ಅವನಿಗಿರಲಿಲ್ಲ.

ಇವರಿಗಿಂತ ಮುಂದಾಗಿ ಬಂದಿದ್ದ ರೋಲಂಡ್ ಕ್ರಾಪೆ ಎಂಬಾತನ ಹಡಗನ್ನು ಕಾರೈಕಾಲ್ ಬಳಿ ಪೋರ್ಚುಗೀಸರು ಹಾಳುಗೆಡವಿದ್ದರು. ಬದುಕುಳಿದ ಕೆಲವರೊಂದಿಗೆ ಆತ ತಂಜಾವೂರಿನ ರಘುನಾಥ ನಾಯಕನ ಆಸ್ಥಾನ ಸೇರಿದ. ವಿಜಯನಗರದ ಸಾಮಂತ ಮನೆತನಕ್ಕೆ ಸೇರಿದ ರಘುನಾಥ ತೆಲುಗಿನಲ್ಲಿ ಕಾವ್ಯ ಬರೆದ ದೊರೆ, ವ್ಯವಹಾರದಲ್ಲೂ ಜಾಣ. ಹತ್ತಿರದ ನಾಗಪಟ್ಟಣದಲ್ಲಿ ಪೋರ್ಚುಗೀಸರು ಬಲವಾಗಿ ಬೇರೂರಿದ್ದರು. ಅವರಿಗೆ ಎದುರಾಗಿ ಇನ್ನೊಬ್ಬ ಪರದೇಶಿ ವ್ಯಾಪಾರಿ ತನ್ನ ಕರಾವಳಿಯಲ್ಲಿ ಇರುವುದು ಅವನಿಗೆ ಲಾಭದ ಮಾತಾಗಿತ್ತು. 1620ರ ನವೆಂಬರಿನಲ್ಲಿ ಒಪ್ಪಂದವಾಯಿತು. ವರ್ಷಕ್ಕೆ ಇಷ್ಟೆಂದು ಗುತ್ತಿಗೆ ಹಣ ಕೊಟ್ಟು ಡೇನರು ಈ ಊರಿನಲ್ಲಿ ಕೋಟೆ ಕಟ್ಟಿಕೊಂಡರು. ರಘುನಾಥ ನಾಯಕ ಡೆನ್ಮಾರ್ಕ್ ದೊರೆಗೆ ಚಿನ್ನದ ತಗಡಿನ ಮೇಲೆ ಬರೆಸಿ ಕಳುಹಿಸಿದ ಪತ್ರ ಇಂದಿಗೂ ಕೋಪನ್‌ಹೇಗನ್ನಿನ ಪತ್ರಾಗಾರದಲ್ಲಿದೆ.

ಪರದೇಶಿಗಳು ಬಂದು ನೆಲ ಕಬಳಿಸಿದರು ಎಂದು ನಾವು ಶಾಲೆಯಲ್ಲಿ ಓದಿದ ಕಥೆಗೆ ಇದು ಪೂರ್ತಿ ಹೊಂದುವುದಿಲ್ಲ. ದಾರಿ ತಪ್ಪಿದವರಂತೆ ಬಂದವರಿಗೆ ನಾಯಕ ದೊರೆ ಬಾಡಿಗೆಗೆ ಜಾಗ ಕೊಟ್ಟ. ಮುಂದೆ ಎಷ್ಟೋ ಕಾಲ ಡೇನರು ತಂಜಾವೂರಿನ ದೊರೆಗಳಿಗೆ ಕಪ್ಪ ಒಪ್ಪಿಸುತ್ತಲೇ ಇದ್ದರು.

ಹಡಗು ಬಾರದ ವರ್ಷಗಳು

ತರಂಗಂಬಾಡಿಗೆ ಒಂದು ದೊಡ್ಡ ಕೊರತೆಯಿತ್ತು. ಇದು ಬಂದರಿನ ಊರು, ಆದರೆ ಬಂದರೇ ಇರಲಿಲ್ಲ. ಕೋರಮಂಡಲ ತೀರದ ಹೆಚ್ಚಿನ ಊರುಗಳಂತೆ ಇಲ್ಲೂ ದಡಕ್ಕೆ ಬಡಿಯುವ ಅಲೆಗಳಿಗೆ ದೊಡ್ಡ ಹಡಗು ಹತ್ತಿರ ಬರಲಾಗದು. ಹಡಗು ದೂರದಲ್ಲಿ ಲಂಗರು ಹಾಕಬೇಕು. ಅಲ್ಲಿಂದ ದಡದವರೆಗೆ ಮನುಷ್ಯರನ್ನೂ ಸರಕನ್ನೂ ತರುವವರು ಈ ತೀರದ ದೋಣಿಯವರು. ಮೊಳೆ ಬಡಿಯದೆ ಹುರಿಯಿಂದ ಹಲಗೆ ಹೊಲಿದ ದೋಣಿ ಅವರದು. ಅಲೆ ಹೊಡೆದರೆ ಅದು ಬಾಗುತ್ತದೆಯೇ ಹೊರತು ಸುಲಭಕ್ಕೆ ಒಡೆಯುವುದಿಲ್ಲ. ಮರದ ದಿಮ್ಮಿಗಳನ್ನು ಹಗ್ಗದಲ್ಲಿ ಬಿಗಿದ ಕಟ್ಟುಮರ ಇನ್ನೊಂದು. ಜಗತ್ತಿನ ದುಬಾರಿ ವಿಹಾರ ನೌಕೆಗಳು ಹೊತ್ತ 'ಕ್ಯಾಟಮರಾನ್' ಎಂಬ ಹೆಸರು ಹುಟ್ಟಿದ್ದು ತಮಿಳು ಮೀನುಗಾರರ ಈ ಮಾತಿನಿಂದಲೇ. ಗವರ್ನರ್ ಆಗಿರಲಿ, ಪಾದ್ರಿಯಾಗಿರಲಿ, ಡೆನ್ಮಾರ್ಕಿನಿಂದ ಬಂದ ಪ್ರತಿಯೊಬ್ಬನೂ ಈ ತೀರದವರ ತೋಳಿನ ಬಲದಿಂದಲೇ ದಡ ಮುಟ್ಟಿದ್ದು.

ಕಂಪೆನಿಯ ವ್ಯಾಪಾರ ಮೊದಲಿನಿಂದಲೂ ಕುಂಟುತ್ತಿತ್ತು. ಯುರೋಪಿನಲ್ಲಿ ಡೆನ್ಮಾರ್ಕ್ ಯುದ್ಧಗಳಲ್ಲಿ ಸೋತು ಬರಿಗೈಯಾಯಿತು. 1650ರಲ್ಲಿ ಕಂಪೆನಿಯನ್ನೇ ಮುಚ್ಚಲಾಯಿತು. ಆದರೆ ಇಲ್ಲಿದ್ದವರನ್ನು ಕರೆಸಿಕೊಳ್ಳಲು ಹಡಗು ಬರಲಿಲ್ಲ. ಒಬ್ಬೊಬ್ಬರೇ ಸತ್ತು, ಕೊನೆಗೆ ಕೋಟೆಯ ಹೊಣೆ ಎಸ್ಕಿಲ್ಡ್ ಆಂಡರ್ಸನ್ ಕಾಂಗ್ಸ್‌ಬಾಕೆ ಎಂಬ ಓದುಬರಹ ಬಾರದ ಸಾಮಾನ್ಯನ ಮೇಲೆ ಬಿತ್ತು. ಆತ ಸ್ಥಳೀಯರನ್ನು ಸೇರಿಸಿಕೊಂಡು ಊರಿನ ಸುತ್ತ ಗೋಡೆ ಎತ್ತಿಸಿದ. ಸುತ್ತಲಿನ ಕಡಲಿನಲ್ಲಿ ಹಡಗು ಹಿಡಿದು, ಅದರ ಸರಕು ಮಾರಿ ದಿನ ತಳ್ಳಿದ. ತಾನಿನ್ನೂ ಇದ್ದೇನೆ ಎಂದು ತಾಯ್ನಾಡಿಗೆ ಪತ್ರ ಕಳಿಸಿದ. 1669ರಲ್ಲಿ ಕೊನೆಗೂ ಹಡಗು ಬಂದಾಗ ಕೋಟೆಯ ಮೇಲೆ ಡೆನ್ಮಾರ್ಕಿನ ಬಾವುಟ ಹಾರುತ್ತಲೇ ಇತ್ತು. ಇಂದು ಊರಿನಲ್ಲಿ ಸುತ್ತುವವರು ಮೆಚ್ಚುವ ವಿನ್ಯಾಸ, ಅಂದರೆ ಗೋಡೆಯೊಳಗೆ ಅಚ್ಚುಕಟ್ಟಾದ ಬೀದಿಗಳು, ಮೊದಲು ರೂಪು ತಳೆದದ್ದು ತಾಯ್ನಾಡು ಮರೆತ ಈ ಕಾಲದಲ್ಲಿ.

ಮರಳಿನ ಮೇಲೆ ಅಕ್ಷರ

1706ರ ಜುಲೈ 9ರಂದು ಇಬ್ಬರು ಜರ್ಮನ್ ಪಾದ್ರಿಗಳು ಇಲ್ಲಿಗೆ ಬಂದಿಳಿದರು: ಬಾರ್ಥೊಲೋಮಿಯಸ್ ಜೀಗೆನ್‌ಬಾಲ್ಗ್ ಮತ್ತು ಹೆನ್ರಿಕ್ ಪ್ಲೂಟ್ಷೌ. ಕಳಿಸಿದವನು ಡೆನ್ಮಾರ್ಕಿನ ದೊರೆ. ಆದರೆ ವ್ಯಾಪಾರಕ್ಕೆ ತೊಡಕಾದೀತೆಂದು ಊರಿನ ಡೇನ್ ಅಧಿಕಾರಿಗಳಿಗೆ ಇವರು ಬೇಡವಾಗಿದ್ದರು. ಗವರ್ನರ್ ಹಾಸಿಯಸ್ 1708ರಲ್ಲಿ ಜೀಗೆನ್‌ಬಾಲ್ಗ್‌ನನ್ನು ನಾಲ್ಕು ತಿಂಗಳು ಕೋಟೆಯಲ್ಲಿ ಸೆರೆಯಿಟ್ಟ.

ಇಪ್ಪತ್ನಾಲ್ಕರ ಆಸುಪಾಸಿನ ಈ ಯುವಕ ತಮಿಳು ಕಲಿತ ಬಗೆ ಕೇಳುವಂತಿದೆ. ಆತ ಹಳೆಯ ಉಪಾಧ್ಯಾಯರೊಬ್ಬರ ಬಳಿ ಮಕ್ಕಳ ಸಾಲಿನಲ್ಲಿ ಕೂತು, ಅವರಂತೆಯೇ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿದ. ಮುಂದೆ ಓಲೆಗರಿ ಗ್ರಂಥಗಳನ್ನು ಸಂಗ್ರಹಿಸಿದ. ಯುರೋಪಿನಿಂದ ಮುದ್ರಣಯಂತ್ರ ತರಿಸಿ ತಮಿಳು ಅಚ್ಚುಮೊಳೆಗಳಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಮುದ್ರಿಸಿದ. ಹತ್ತಿರದ ಪೊರೈಯಾರಿನಲ್ಲಿ ಕಾಗದದ ಕಾರ್ಖಾನೆಗೂ ಪ್ರಯತ್ನ ನಡೆಯಿತು.

ಆತನ ಇನ್ನೊಂದು ಕೆಲಸಕ್ಕೆ ಬಂದ ಗತಿ ಗಮನಿಸಬೇಕಾದದ್ದು. ದಕ್ಷಿಣ ಭಾರತದ ದೇವತೆಗಳ ಬಗ್ಗೆ ಇಲ್ಲಿನವರನ್ನೇ ಕೇಳಿ ತಿಳಿದು 1713ರಲ್ಲಿ ಆತ ಒಂದು ದೊಡ್ಡ ಗ್ರಂಥ ಬರೆದು ಜರ್ಮನಿಗೆ ಕಳಿಸಿದ. ಅಲ್ಲಿದ್ದ ಗುರು ಫ್ರಾಂಕೆ ಅದನ್ನು ಅಚ್ಚು ಹಾಕಿಸಲಿಲ್ಲ. ಪರಮತವನ್ನು ಬುಡಸಹಿತ ಕೀಳಲು ಹೋದವರು ಅದರ ಕಥೆಗಳನ್ನು ಯುರೋಪಿನಲ್ಲಿ ಹರಡುವುದು ಸಲ್ಲ ಎಂಬುದು ಆತನ ಅಭಿಪ್ರಾಯ. ಪುಸ್ತಕ ಮುದ್ರಣ ಕಂಡದ್ದು 1867ರಲ್ಲಿ, ಮದರಾಸಿನಲ್ಲಿ. ಮತ ಬದಲಿಸಲು ಬಂದವನು ಕಲಿಯಲು ಕೂತ, ಕಲಿತದ್ದು ಅವನನ್ನು ಕಳಿಸಿದವರಿಗೇ ಬೇಡವಾಯಿತು. ಜೀಗೆನ್‌ಬಾಲ್ಗ್ 1719ರಲ್ಲಿ ಮೂವತ್ತಾರನೇ ವಯಸ್ಸಿಗೆ ತೀರಿಕೊಂಡ. ಆತನ ಸಮಾಧಿ ಕಿಂಗ್ ಸ್ಟ್ರೀಟಿನ ನ್ಯೂ ಜೆರುಸಲೇಂ ಚರ್ಚಿನೊಳಗೇ ಇದೆ. ಇದು 1718ರಲ್ಲಿ ತಮಿಳು ಕ್ರೈಸ್ತರಿಗಾಗಿ ಎದ್ದ ಚರ್ಚು. ಇದಕ್ಕೆ ಎದುರಿಗಿರುವ ಜಿಯೋನ್ ಚರ್ಚು 1701ರದು, ಡೇನರದು. ಒಂದೇ ದೇವರು, ಒಂದೇ ಬೀದಿ, ಎರಡು ಬಾಗಿಲು! ಅಂದಿನ ಸಮಾಜ ಹೇಗಿತ್ತೆಂಬುದನ್ನು ಈ ಎರಡು ಕಟ್ಟಡಗಳೇ ಹೇಳುತ್ತವೆ.

ಈ ಊರಿನ ಎಳೆಗಳು ನಮ್ಮ ನಾಡಿಗೂ ಬಂದು ಮುಟ್ಟಿವೆ. 1750ರಲ್ಲಿ ಇಲ್ಲಿಗೆ ಬಂದ ಕ್ರಿಶ್ಚಿಯನ್ ಫ್ರೆಡರಿಕ್ ಷ್ವಾರ್ಟ್ಸ್ ಎಂಬ ಪಾದ್ರಿಯನ್ನು 1779ರಲ್ಲಿ ಮದರಾಸಿನ ಇಂಗ್ಲಿಷರು ಸಂಧಾನಕ್ಕಾಗಿ ಶ್ರೀರಂಗಪಟ್ಟಣಕ್ಕೆ, ಹೈದರ್ ಅಲಿಯ ಬಳಿಗೆ ಕಳಿಸಿದ್ದರು. ಸಂಧಾನ ಫಲಿಸಲಿಲ್ಲ, ಮರುವರ್ಷವೇ ಯುದ್ಧವಾಯಿತು. 1768ರಲ್ಲಿ ವೈದ್ಯನಾಗಿ ಬಂದ ಯೋಹಾನ್ ಕ್ಯೋನಿಗ್ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಶಿಷ್ಯ. ನಮ್ಮ ಒಗ್ಗರಣೆಯ ಕರಿಬೇವಿನ ವೈಜ್ಞಾನಿಕ ಹೆಸರಿನಲ್ಲಿರುವ 'ಕ್ಯೋನಿಗಿ' ಎಂಬ ಮಾತು ಈತನ ನೆನಪಿಗೆ ಇಟ್ಟದ್ದು. ಬಂಗಾಳದ ಶ್ರೀರಾಮಪುರ ಕೂಡ ಡೇನರ ನೆಲೆಯಾಗಿತ್ತು. ಇಂಗ್ಲಿಷರ ಸೀಮೆಯಲ್ಲಿ ಪಾದ್ರಿಗಳಿಗೆ ಅಡ್ಡಿಯಿದ್ದ ಕಾಲದಲ್ಲಿ ವಿಲಿಯಂ ಕೇರಿ ಅಲ್ಲಿ ಆಶ್ರಯ ಪಡೆದು ಮುದ್ರಣಾಲಯ ನಡೆಸಿದ. ಆತನ ಕರ್ನಾಟ ಭಾಷೆಯ ವ್ಯಾಕರಣ 1817ರಲ್ಲಿ ಅಲ್ಲಿಂದಲೇ ಹೊರಬಂತು. ಕನ್ನಡ ಅಕ್ಷರ ಅಚ್ಚಿನ ಮುಖ ಕಂಡ ಆರಂಭದ ಪುಸ್ತಕಗಳಲ್ಲಿ ಅದೂ ಒಂದು.

ಗದ್ದಲ ಏರಿದ್ದು, ಇಳಿದದ್ದು

ಹದಿನೆಂಟನೇ ಶತಮಾನದ ಕೊನೆಯ ದಶಕಗಳು ಊರಿನ ಸುಗ್ಗಿಯ ಕಾಲ. ಇಂಗ್ಲಿಷರೂ ಫ್ರೆಂಚರೂ ಕಾದಾಡುತ್ತಿದ್ದಾಗ ಡೆನ್ಮಾರ್ಕ್ ಯಾರ ಪಕ್ಷಕ್ಕೂ ಸೇರದೆ ಉಳಿಯಿತು. ಅದರ ಬಾವುಟದ ಹಡಗನ್ನು ಯಾರೂ ತಡೆಯುವಂತಿರಲಿಲ್ಲ. ಇಂಗ್ಲಿಷ್ ಕಂಪೆನಿಯ ನೌಕರರೇ ತಾವು ಕದ್ದುಮುಚ್ಚಿ ಗಳಿಸಿದ ಹಣವನ್ನು ಡೇನರ ಹಡಗುಗಳ ಮೂಲಕ ಯುರೋಪಿಗೆ ಸಾಗಿಸಿದರು. ಹೆಬ್ಬಾಗಿಲು ಇಂದಿನ ರೂಪ ಪಡೆದದ್ದು ಈ ಕಾಲದಲ್ಲೇ, 1792ರಲ್ಲಿ. ಊರಿನ ಚೆಲುವಾದ ಬಂಗಲೆಗಳ ಹಿಂದೆ ಇಂಥ ಹಣವಿದೆ ಎಂಬುದನ್ನು ಮರೆಯಬಾರದು. ಹಿಂದಿನ ಶತಮಾನದಲ್ಲಿ ಈ ತೀರದಿಂದ ಗುಲಾಮರ ಸಾಗಾಟವೂ ನಡೆದಿತ್ತು. ಕೋರಮಂಡಲದ ನೇಕಾರರು ನೇಯ್ದ ಹತ್ತಿ ಬಟ್ಟೆಯ ಒಂದು ಪಾಲು ಆಫ್ರಿಕದ ತೀರದಲ್ಲಿ ಮನುಷ್ಯರನ್ನು ಕೊಳ್ಳುವ ವಿನಿಮಯಕ್ಕೂ ಬಳಕೆಯಾಗುತ್ತಿತ್ತು.

ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಡೆನ್ಮಾರ್ಕ್ ಇಂಗ್ಲೆಂಡಿನ ಎದುರಾಳಿಯಾಯಿತು. 1808ರಲ್ಲಿ ಇಂಗ್ಲಿಷರು ಊರನ್ನು ವಶಪಡಿಸಿಕೊಂಡು 1815ರಲ್ಲಿ ಮರಳಿ ಕೊಟ್ಟರು. ಅಷ್ಟರಲ್ಲಿ ಲೋಕ ಬದಲಾಗಿತ್ತು. ಇಂಗ್ಲೆಂಡಿನ ಗಿರಣಿಗಳ ಬಟ್ಟೆಯೆದುರು ಈ ತೀರದ ಕೈಮಗ್ಗದ ಬಟ್ಟೆಗೆ ಗಿರಾಕಿ ಕಡಿಮೆಯಾದರು. ಖರ್ಚು ಮಾತ್ರ ಉಳಿಸುವ ವಸಾಹತನ್ನು ಇಟ್ಟುಕೊಂಡು ಡೆನ್ಮಾರ್ಕ್ ಏನು ಮಾಡೀತು? 1845ರಲ್ಲಿ ತರಂಗಂಬಾಡಿ, ಶ್ರೀರಾಮಪುರ ಹಾಗೂ ಬಾಲಸೋರಿನ ನೆಲೆಯನ್ನು ಒಟ್ಟಾಗಿ 12.5 ಲಕ್ಷ ರೂಪಾಯಿಗೆ ಇಂಗ್ಲಿಷ್ ಕಂಪೆನಿಗೆ ಮಾರಿತು. ಊರಿನವರನ್ನು ಯಾರೂ ಕೇಳಲಿಲ್ಲ.

ಕೆಲ ಕಾಲ ಇದು ತಂಜಾವೂರು ಜಿಲ್ಲೆಯ ಕಲೆಕ್ಟರರ ಠಾಣ್ಯವಾಗಿತ್ತು, ಆಮೇಲೆ ಅದೂ ಹೋಯಿತು. 1861ರಲ್ಲಿ ರೈಲು ನಾಗಪಟ್ಟಣಕ್ಕೆ ಬಂತು, ವ್ಯಾಪಾರ ರೈಲಿನ ಹಿಂದೆ ಹೋಯಿತು. ಮಾಯವರಂನಿಂದ, ಅಂದರೆ ಇಂದಿನ ಮೈಲಾಡುತುರೈಯಿಂದ, ತರಂಗಂಬಾಡಿಗೆ ಮೀಟರ್ ಗೇಜ್ ಹಳಿ ಬಂದದ್ದು 1926ರಲ್ಲಿ. 1986ರಲ್ಲಿ ಅದನ್ನೂ ಮುಚ್ಚಿದರು. ಹಡಗು, ಕಚೇರಿ, ರೈಲು ಒಂದರ ಹಿಂದೆ ಒಂದು ಹೊರಟುಹೋದವು. ಹೊಸದನ್ನು ಕಟ್ಟುವ ಹಣವಿಲ್ಲದ್ದರಿಂದ ಹಳೆಯದನ್ನು ಕೆಡವುವವರೂ ಇರಲಿಲ್ಲ. ಪ್ರವಾಸಿಗಳು ಇಂದು ಮೆಚ್ಚುವ ಮೌನದ ಹುಟ್ಟು ಇಲ್ಲಿದೆ.

ಕಡಲು ಕೇಳಿದ ಪ್ರಶ್ನೆ

ಬಿಡದೆ ಇದ್ದದ್ದು ಕಡಲೊಂದೇ. ಮಾಸಿಲಾಮಣಿನಾಥರ್ ದೇವಾಲಯದ ಬಹುಭಾಗವನ್ನು ಅಲೆಗಳು ತಿಂದುಹಾಕಿದವು. ಮುಂಭಾಗ ಕಳೆದುಕೊಂಡು ಗರ್ಭಗುಡಿ ಮಾತ್ರ ನಿಂತಿದ್ದ ಗುಡಿಯನ್ನು ಜೀರ್ಣೋದ್ಧಾರ ಮಾಡಿ 2013ರಲ್ಲಿ ಕುಂಭಾಭಿಷೇಕ ನಡೆಸಲಾಯಿತು. ಊರಿನ ಸಮುದ್ರದ ಬದಿಯ ಹಳೆಯ ಗೋಡೆಯೂ ಹೀಗೆಯೇ ನೀರುಪಾಲಾಗಿದೆ. ಈಗ ದಡದುದ್ದಕ್ಕೂ ಬಂಡೆಗಳನ್ನು ಪೇರಿಸಲಾಗಿದೆ.

2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಬಂತು. ತರಂಗಂಬಾಡಿಯಲ್ಲಿ ನೂರಾರು ಜನ ಸತ್ತರು. ಅವರಲ್ಲಿ ಬಹುಪಾಲು ದಡದ ಕೇರಿಯ ಮೀನುಗಾರ ಕುಟುಂಬದವರು, ಅದರಲ್ಲೂ ಹೆಂಗಸರು, ಮಕ್ಕಳು. ಕೋಟೆ ನಿಂತಿತು, ಗುಡಿಸಲುಗಳು ಹೋದವು.

ಆಮೇಲೆ ನೆರವು ಹರಿದು ಬಂತು. ಅದರ ಜೊತೆ ಒಂದು ಇಕ್ಕಟ್ಟೂ ಬಂತು. 2005ರಲ್ಲಿ ತಮಿಳುನಾಡು ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ ಸಮುದ್ರದ ಭರತರೇಖೆಯಿಂದ 200 ಮೀಟರ್ ಒಳಗಿದ್ದವರು ಹೊಸ ಮನೆ ಬೇಕೆಂದರೆ ದಡದ ಜಾಗ ಬಿಟ್ಟುಕೊಡಬೇಕು. ಅಲ್ಲೇ ಉಳಿಯುತ್ತೇವೆ ಎಂದರೆ ಮನೆ ರಿಪೇರಿಗೆ ಸರ್ಕಾರದ ಹಣವಿಲ್ಲ. ಜೀವ ಉಳಿಸುವ ದೃಷ್ಟಿಯಿಂದ ಆದೇಶದಲ್ಲಿ ಅರ್ಥವಿತ್ತು. ಆದರೆ ಮೀನುಗಾರನ ಬದುಕು ಕಡಲಿನ ಬಣ್ಣ, ಗಾಳಿಯ ದಿಕ್ಕು ನೋಡುವುದರಿಂದಲೇ ಆರಂಭವಾಗುತ್ತದೆ. ದೋಣಿ, ಬಲೆ ದಡದಲ್ಲಿರುತ್ತವೆ. ಮೀನು ಒಣಗಿಸುವುದೂ ಮಾರುವುದೂ ಅಲ್ಲೇ. ಅವರನ್ನು ಒಳಗೆ ಸರಿಸಿದರೆ ದಡ ಯಾರದಾಗುತ್ತದೆ ಎಂಬ ಅಳುಕು ಅವರಿಗಿದ್ದರೆ ತಪ್ಪೇನು? ಕಡಲಿಗೆ ಮುಖ ಮಾಡಿದ್ದ ಹಳೆಯ ಬಂಗಲೆಯೊಂದು ಆ ಹೊತ್ತಿಗೆ ಹೋಟೆಲ್ ಆಗಿ ಸಜ್ಜಾಗಿತ್ತು. ಕಡಲ ನೋಟ ಒಬ್ಬರಿಗೆ ವಿಹಾರ, ಇನ್ನೊಬ್ಬರಿಗೆ ಅನ್ನ.

ಊರಿನ ಕಟ್ಟಡಗಳಿಗೆ ಆಮೇಲೆ ಒಳ್ಳೆಯ ದಿನಗಳು ಬಂದವು. ಡೆನ್ಮಾರ್ಕಿನ ಟ್ರಾಂಕ್ವೆಬಾರ್ ಸಂಘ, ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ, ನಮ್ಮ ಇಂಟ್ಯಾಕ್, ತಮಿಳುನಾಡಿನ ಪುರಾತತ್ವ ಇಲಾಖೆ ಸೇರಿ ಕೋಟೆ, ಗವರ್ನರ್ ಬಂಗಲೆ, ಗೋಲ್ಡ್‌ಸ್ಮಿತ್ ಸ್ಟ್ರೀಟಿನ ಮನೆಗಳನ್ನು ದುರಸ್ತಿ ಮಾಡಿಸಿದವು. 2017ರಲ್ಲಿ ಜೀಗೆನ್‌ಬಾಲ್ಗ್ ವಾಸವಿದ್ದ ಮನೆ ವಸ್ತುಸಂಗ್ರಹಾಲಯವಾಯಿತು. ಇದೆಲ್ಲ ಸಂತೋಷದ ಸಂಗತಿಯೇ. ಗೋಲ್ಡ್‌ಸ್ಮಿತ್ ಸ್ಟ್ರೀಟಿನಲ್ಲಿ ಡೇನರ ಬಂಗಲೆಗಳಲ್ಲದೆ ತಿಣ್ಣೆಯಿರುವ, ಹೆಂಚಿನ ಮಾಡಿನ ತಮಿಳು ಮನೆಗಳನ್ನೂ ಕಾಪಾಡಿರುವುದು ಮೆಚ್ಚಬೇಕಾದದ್ದು. ಆದರೆ ಪರಂಪರೆ ಎಂಬ ಮಾತು ಗೋಡೆಯೊಳಗಿನ ಬೀದಿಗಳಿಗೆ ಮುಗಿಯಬಾರದು. ಹಡಗಿನಿಂದ ದಡಕ್ಕೆ ಸರಕು ಹೊತ್ತ ದೋಣಿಯವರ ವಂಶದವರು, ಮಸೀದಿ ಬೀದಿಯ ಮನೆತನಗಳು, ಸುತ್ತಲಿನ ನೇಕಾರರ ಕೇರಿಗಳು, ಇವರ ಶ್ರಮವಿಲ್ಲದೆ ಡಾನ್ಸ್‌ಬೋರ್ಗ್ ಕೋಟೆಯ ಒಂದು ಕಲ್ಲೂ ಏಳುತ್ತಿರಲಿಲ್ಲ. ಅವರ ಹೆಸರಿನಲ್ಲಿ ಮಾತ್ರ ಇಲ್ಲಿ ಫಲಕಗಳಿಲ್ಲ.

ನೋಡಬೇಕೆನ್ನುವವರಿಗೆ ದಾರಿ ಸುಲಭ. ಮೈಸೂರಿನಿಂದ ಬೆಂಗಳೂರಿನ ಮೇಲೆ ಮೈಲಾಡುತುರೈಗೆ ರಾತ್ರಿ ರೈಲಿದೆ. ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. 2020ರಲ್ಲಿ ಮೈಲಾಡುತುರೈ ಪ್ರತ್ಯೇಕ ಜಿಲ್ಲೆಯಾದ ಮೇಲೆ ತರಂಗಂಬಾಡಿಯೂ ಅದಕ್ಕೆ ಸೇರಿದೆ. ಹೋದವರು ಕೋಟೆಯ ಮೇಲೆ ಸಂಜೆಯ ಗಾಳಿಗೆ ಕೂತು ಬಂದರೆ ಅರ್ಧ ಊರು ನೋಡಿದಂತೆ. ಉಳಿದರ್ಧ ನೋಡಲು ಬೆಳಗಿನ ಜಾವ ಏಳಬೇಕು. ಕತ್ತಲಲ್ಲಿ ಹೋದ ದೋಣಿಗಳು ದಡಕ್ಕೆ ಮರಳುವ ಹೊತ್ತಿನಲ್ಲಿ ಅಲ್ಲಿ ಮೌನವಿರುವುದಿಲ್ಲ. ಬಲೆ ಕೊಡವುವ, ಮೀನಿಗೆ ಬೆಲೆ ಕೂಗುವ ಸದ್ದಿರುತ್ತದೆ. ಡೇನರು ಬರುವ ಮೊದಲೂ ಆ ಸದ್ದಿತ್ತು, ಅವರು ಮಾರಿ ಹೋದ ಮೇಲೂ ಇದೆ. ಊರನ್ನು ಉಳಿಸುವುದೆಂದರೆ ಆ ಸದ್ದಿಗೂ ದಡದಲ್ಲಿ ಜಾಗ ಉಳಿಸುವುದು.